ದಂಡಿನ ದನಿ: ಬೆಂಗಳೂರಿನ ಪೂರ್ವಭಾಗದ ಒಂದು ಶ್ರವಣಚರಿತ್ರೆ

ಕನ್ನಡ ಶಾಸನಗಳನ್ನು ಓದುವ ಅಭ್ಯಾಸವಿರುವವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣ ಚಿರಪರಿಚಿತ. ಸಾಮಂತರ, ಮಹಾಮಂಡಲೇಶ್ವರರ ಪ್ರಶಸ್ತಿಗಳು ಬಹುಮಟ್ಟಿಗೆ ಈ ಮಾತಿನಿಂದಲೇ ಮೊದಲಾಗುತ್ತವೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಅಧಿಕಾರವನ್ನು ಪಡೆದವನು ಎಂಬುದು ಅದಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಅರ್ಥ. ಈ ವಿಶೇಷಣವನ್ನು ನಾವು ಎಷ್ಟೋ ಸಲ ಅಲಂಕಾರವೆಂದು ತಿಳಿದು ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ. ಆದರೆ ಅದರೊಳಗೆ ಒಂದು ರಾಜಕೀಯ ಸತ್ಯ ಅಡಗಿದೆ. ಸಾರ್ವಜನಿಕ ಸ್ಥಳದಲ್ಲಿ ಶಬ್ದ ಮಾಡುವುದು ಎಲ್ಲರ ಹಕ್ಕಾಗಿರಲಿಲ್ಲ. ಅದು ಮೇಲಿನವರು ಕೊಡಬೇಕಾದ, ಕೆಳಗಿನವರು ಪಡೆಯಬೇಕಾದ ಮರ್ಯಾದೆಯಾಗಿತ್ತು. ಯಾರ ಶಬ್ದ ಎಲ್ಲಿಯವರೆಗೆ ಕೇಳುತ್ತದೆಯೋ ಅಲ್ಲಿಯವರೆಗೆ ಅವನ ಆಳ್ವಿಕೆ.

ಈ ಸೂತ್ರವನ್ನು ಹಿಡಿದುಕೊಂಡು ಬೆಂಗಳೂರಿನ ಪೂರ್ವಭಾಗವನ್ನು, ಅಂದರೆ ನಮ್ಮ ಹಿರಿಯರು ‘ದಂಡು’ ಎಂದು ಕರೆಯುತ್ತಿದ್ದ ಕಂಟೋನ್ಮೆಂಟನ್ನು, ಅಲ್ಲಿಂದ ಹಲಸೂರು, ಇಂದಿರಾನಗರಗಳ ಮೂಲಕ ಕೃಷ್ಣರಾಜಪುರದವರೆಗೆ ಹಬ್ಬಿದ ನಗರವನ್ನು ಕಿವಿಯಿಂದ ಓದಲು ಸಾಧ್ಯವೇ ಎಂಬುದು ಈ ಬರಹದ ವಿಚಾರ. ನಗರಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಣ್ಣಿನಿಂದ ಬರೆಯುತ್ತೇವೆ. ನಕ್ಷೆ, ಕಟ್ಟಡ, ಛಾಯಾಚಿತ್ರ ಇವೇ ನಮ್ಮ ಆಕರಗಳು. ಶಬ್ದಕ್ಕೆ ಅವಶೇಷವಿಲ್ಲ, ಹುಟ್ಟಿದ ಕ್ಷಣದಲ್ಲಿಯೇ ಅದು ಅಳಿಯುತ್ತದೆ. ಆದರೂ ನಮ್ಮ ಚಂಪೂಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಪುರವರ್ಣನೆಯನ್ನು ಕೇವಲ ಕಣ್ಣಿಗೆ ಬಿಟ್ಟುಕೊಟ್ಟವರಲ್ಲ. ಮಂಗಳವಾದ್ಯ, ಅಂಗಡಿಬೀದಿಯ ಗಜಿಬಿಜಿ, ಆನೆಕುದುರೆಗಳ ದನಿ, ಗಿಳಿಕೋಗಿಲೆಗಳ ಉಲಿ ಇವೆಲ್ಲ ಸೇರಿದರೆ ಮಾತ್ರ ಅವರಿಗೆ ಅದು ಪುರ.

ಆಧುನಿಕ ಕಾಲದಲ್ಲಿ ಈ ಅರಿವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಕೆನಡಾದ ಸಂಗೀತಕಾರ ಮರ‍್ರೆ ಶೇಫರ್ ಪ್ರಮುಖರು. 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಒಂದು ಊರಿನ ಶಬ್ದಗಳನ್ನು ಮೂರಾಗಿ ವಿಂಗಡಿಸಿದರು. ಸದಾ ಹಿನ್ನೆಲೆಯಲ್ಲಿದ್ದು ನಮ್ಮ ಗಮನಕ್ಕೆ ಬಾರದ ಶಬ್ದ ಮೊದಲನೆಯದು. ಇದನ್ನು ನಮ್ಮ ಸಂಗೀತದ ಪರಿಭಾಷೆಯಲ್ಲಿ ಆಧಾರಶ್ರುತಿ ಎನ್ನಬಹುದು. ಗಮನವನ್ನು ಬೇಡುವ ಗಂಟೆ, ತುತ್ತೂರಿಗಳಂತಹ ಸಂಕೇತಶಬ್ದ ಎರಡನೆಯದು. ಆ ಊರಿಗೇ ವಿಶಿಷ್ಟವಾದ, ಅದರ ಗುರುತೇ ಆಗಿಬಿಟ್ಟ ಶಬ್ದ ಮೂರನೆಯದು. ಫ್ರಾನ್ಸಿನ ಇತಿಹಾಸಕಾರ ಆಲನ್ ಕಾರ್ಬಿನ್ ಹತ್ತೊಂಬತ್ತನೆಯ ಶತಮಾನದ ಹಳ್ಳಿಗಳ ಚರ್ಚುಗಂಟೆಗಳನ್ನೇ ವಿಷಯವಾಗಿಸಿಕೊಂಡು ಬರೆದ ಗ್ರಂಥದಲ್ಲಿ, ಗಂಟೆಯ ದನಿ ಕೇಳುವಷ್ಟು ದೂರವೇ ಆ ಊರಿನವರ ಮನಸ್ಸಿನ ಎಲ್ಲೆಯಾಗಿದ್ದುದನ್ನು ತೋರಿಸಿಕೊಟ್ಟಿದ್ದಾರೆ. ಪಂಚಮಹಾಶಬ್ದವನ್ನು ಬಲ್ಲ ನಮಗೆ ಈ ಮಾತು ಹೊಸತೆನಿಸುವುದಿಲ್ಲ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯ ವಿನ್ಯಾಸವನ್ನು ಗಮನಿಸಿ. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ ಹೀಗೆ ಬೀದಿಗಳು ಕಸುಬಿನ ಹೆಸರನ್ನು ಹೊತ್ತಿವೆ. ಕಸುಬಿಗೊಂದು ಬೀದಿಯೆಂದರೆ ಬೀದಿಗೊಂದು ದನಿಯೆಂದೇ ಅರ್ಥ. ಗಾಣದ ಕಿರುಗುಟ್ಟುವಿಕೆಗೂ ಅರಳೆ ಹಿಂಜುವ ಬಿಲ್ಲಿನ ಮಿಡಿತಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವನು ಕಣ್ಣು ಮುಚ್ಚಿಕೊಂಡೇ ತಾನಿರುವ ಬೀದಿಯನ್ನು ಹೇಳಬಹುದಾಗಿತ್ತು. ಮನೆಗಳು ಒಂದಕ್ಕೊಂದು ಅಂಟಿಕೊಂಡು, ಬೀದಿಗಳು ಕಿರಿದಾಗಿ, ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಆಗಿದ್ದ ಆ ರಚನೆಯಲ್ಲಿ ನೆರೆಯವರ ಶಬ್ದ ತಪ್ಪಿಸಿಕೊಳ್ಳಲಾಗದ್ದು. ಬಹುಶಃ ತಪ್ಪಿಸಿಕೊಳ್ಳಬೇಕಾದದ್ದು ಎಂದು ಯಾರಿಗೂ ತೋರಿರಲಾರದು.

1809ರ ಸುಮಾರಿಗೆ ಶ್ರೀರಂಗಪಟ್ಟಣದ ಬ್ರಿಟಿಷ್ ಸೈನ್ಯ ಹಲಸೂರಿನ ಕಡೆಗೆ ಬಂದು ನೆಲೆಯೂರಿದಾಗ ಇದಕ್ಕೆ ತದ್ವಿರುದ್ಧವಾದ ಒಂದು ಊರು ಹುಟ್ಟಿತು. ಇಲ್ಲಿಯೂ ಬೀದಿಗಳ ಹೆಸರುಗಳೇ ಸಾಕ್ಷಿ: ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಸೌತ್ ಪೆರೇಡ್. ಪೇಟೆಯ ಬೀದಿಗಳು ಕಸುಬನ್ನು ಹೆಸರಿಸಿದರೆ ದಂಡಿನ ಬೀದಿಗಳು ಪದಾತಿ, ಅಶ್ವದಳ, ಫಿರಂಗಿದಳಗಳನ್ನು ಹೆಸರಿಸಿದವು. ಊರಿನ ನಡುವೆ ದೇವಾಲಯವಾಗಲಿ ಸಂತೆಯಾಗಲಿ ಇರದೆ ಕವಾಯತಿನ ಮೈದಾನವಿತ್ತು. ಬೆಳಗಿನ ಏಳಿಕೆಯಿಂದ ರಾತ್ರಿಯ ದೀಪ ಆರಿಸುವವರೆಗೆ ಸಿಪಾಯಿಯ ದಿನವನ್ನು ತುತ್ತೂರಿ ಆಳುತ್ತಿತ್ತು. 1834ರಲ್ಲಿ ಬೆಂಗಳೂರಿಗೆ ಬಂದ ಮದ್ರಾಸ್ ಸ್ಯಾಪರ್ಸ್ ದಳ ಇಂದಿಗೂ ಹಲಸೂರು ಕೆರೆಯ ಬಳಿಯೇ ನೆಲೆಸಿದೆ. ಶಾಸನಕಾಲದ ಮಂಡಲೇಶ್ವರನಿಗೆ ಭೇರಿಯಂತೆ ಕಂಪನಿ ಸರ್ಕಾರಕ್ಕೆ ತುತ್ತೂರಿ, ಡ್ರಮ್ಮು, ಬ್ಯಾಂಡು. ಬಿರುದು ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಆದರೆ ದಂಡಿನ ನಿಜವಾದ ಹೊಸತನ ಅದು ಮಾಡಿದ ಶಬ್ದದಲ್ಲಿಲ್ಲ, ಅದು ಕಟ್ಟಿಕೊಂಡ ನಿಶ್ಶಬ್ದದಲ್ಲಿದೆ. ವಿಶಾಲವಾದ ಕಾಂಪೌಂಡಿನ ನಡುವೆ ಒಂದು ಬಂಗಲೆ, ಅದರ ಸುತ್ತ ವರಾಂಡ, ಮುಂದೆ ಮರಗಳ ಸಾಲು, ಆಚೆಗೆ ಅಗಲವಾದ ರಸ್ತೆ. ಇದು ಗಾಳಿಬೆಳಕಿಗಾಗಿ ಮಾಡಿದ ಏರ್ಪಾಟು ಎಂದು ವಾಸ್ತುಚರಿತ್ರೆ ಹೇಳುತ್ತದೆ, ಅದು ಸರಿಯೇ. ಶಬ್ದಶಾಸ್ತ್ರ ಇನ್ನೊಂದು ಮಾತನ್ನು ಸೇರಿಸುತ್ತದೆ. ಬಯಲಿನಲ್ಲಿ ಒಂದು ಬಿಂದುವಿನಿಂದ ಹೊರಟ ಶಬ್ದ, ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಹತ್ತು ಅಡಿ ದೂರದಲ್ಲಿ ಕೂಗಿದವನ ದನಿ ಎಂಬತ್ತು ಅಡಿ ದೂರದ ವರಾಂಡವನ್ನು ಮುಟ್ಟುವಾಗ 18 ಡೆಸಿಬಲ್ ಕಳೆದುಕೊಂಡಿರುತ್ತದೆ. ಪೇಟೆಯ ಕಿರುಬೀದಿಯಲ್ಲಿ ಎರಡು ಗೋಡೆಗಳ ನಡುವೆ ಪುಟಿಯುತ್ತಿದ್ದ ಅದೇ ದನಿ ಇಲ್ಲಿ ಮರದೆಲೆಗಳ ಮರ್ಮರದಲ್ಲಿ ಕರಗುತ್ತದೆ. ಅಂದರೆ ಬಂಗಲೆಯ ಮೌನ ಭೂಮಿಯನ್ನು ಖರ್ಚು ಮಾಡಿ ಕೊಂಡ ಮೌನ. ಭೂಮಿ ಉಳ್ಳವನಿಗೆ ಮಾತ್ರ ಅದು ದಕ್ಕುವಂಥದ್ದು.

ಈ ಮೌನಕ್ಕೆ ಇನ್ನೊಂದು ಬೆಲೆಯೂ ಇತ್ತು. ಬಂಗಲೆಗೆ ಅಡುಗೆಯವರು, ಧೋಬಿಗಳು, ಕುದುರೆಯಾಳುಗಳು ಬೇಕು. ಸೈನ್ಯಕ್ಕೆ ಮಾಂಸ, ತರಕಾರಿ, ಬಟ್ಟೆ, ಚರ್ಮದ ಸರಕು ಬೇಕು. ಇವನ್ನು ಒದಗಿಸುವವರೆಲ್ಲ ಬಂಗಲೆಗಳಿಂದ ಆಚೆ, ಒತ್ತೊತ್ತಾದ ಬಜಾರುಗಳಲ್ಲಿ ನೆಲೆಸಿದರು. ಅವುಗಳಲ್ಲಿ ಮುಖ್ಯವಾದುದು ಬ್ಲ್ಯಾಕ್‌ಪಲ್ಲಿ, ಇಂದಿನ ಶಿವಾಜಿನಗರ. ಈ ಹೆಸರಿಗೆ ಎರಡು ವಿವರಣೆಗಳಿವೆ. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿಅಕ್ಕಿಪಳ್ಳಿ’ ಆಂಗ್ಲರ ಕಿವಿಯಲ್ಲಿ ಹೀಗಾಯಿತೆಂಬುದು ಒಂದು. ದಂಡಿನ ರಚನೆಯಲ್ಲಿ ಪಾಲ್ಗೊಂಡ ಎಂಜಿನಿಯರ್ ಜಾನ್ ಬ್ಲ್ಯಾಕಿಸ್ಟನ್ ಹೆಸರಿನಿಂದ ಬಂದಿತೆಂಬುದು ಮತ್ತೊಂದು. ಯಾವುದು ನಿಜವಾದರೂ ಹೆಸರು ಎರಡು ಕಿವಿಗಳ ನಡುವೆ ರೂಪುಗೊಂಡದ್ದು ಎಂಬುದರಲ್ಲಿ ಸಂದೇಹವಿಲ್ಲ. ಹಲಸೂರು ‘ಅಲ್ಸೂರ್’ ಆದದ್ದೂ ಬೆಂಗಳೂರು ‘ಬ್ಯಾಂಗಲೋರ್’ ಆದದ್ದೂ ಇದೇ ಬಗೆಯಲ್ಲಿ. ಎರಡನೆಯದನ್ನು ಸರ್ಕಾರದ ಮಟ್ಟದಲ್ಲಿ ಸರಿಪಡಿಸಿಕೊಳ್ಳಲು ನಾವು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಬಜಾರಿನಲ್ಲಿ ತಮಿಳು, ದಖ್ಖನಿ, ತೆಲುಗು, ಕನ್ನಡ, ಇಂಗ್ಲಿಷು ಒಂದರ ಮೇಲೊಂದು ಕೇಳುತ್ತಿದ್ದವು. ಇದನ್ನು ಕಂಟೋನ್ಮೆಂಟ್ ತಂದ ಬೆರಕೆ ಎಂದು ಮಾತ್ರ ತಿಳಿಯುವುದು ಸರಿಯಲ್ಲ. ಸಮೀಪದ ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿರುವ ತಮಿಳು ಶಾಸನಗಳು ದಂಡಿಗಿಂತ ಎಷ್ಟೋ ಶತಮಾನ ಹಿಂದಿನವು. ಈ ನೆಲದ ಕಿವಿ ಮೊದಲಿನಿಂದಲೂ ಒಂದಕ್ಕಿಂತ ಹೆಚ್ಚು ಭಾಷೆಗಳಿಗೆ ತೆರೆದಿತ್ತು. ಹೊಸತಾಗಿ ಬಂದದ್ದು ಆ ದನಿಗಳ ದಟ್ಟಣೆ. 1882ರಲ್ಲಿ ಇಂದಿನ ರೂಪ ಪಡೆದ ಸೇಂಟ್ ಮೇರಿ ಚರ್ಚು, ಸುತ್ತಲಿನ ಮಸೀದಿಗಳ ಆಜಾನ್, ಹಲಸೂರಿನ ಸೋಮೇಶ್ವರ ದೇವಾಲಯದ ನಾಗಸ್ವರ ಇವೆಲ್ಲ ಒಂದೆರಡು ಮೈಲಿಯೊಳಗಿನ ಶಬ್ದಗಳು. ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಬೀದಿಗಳಲ್ಲಿ ಸೇರುವ ಜನಸಾಗರವೂ ರಂಜಾನಿನ ರಾತ್ರಿಗಳ ಅಂಗಡಿಸಾಲಿನ ಗದ್ದಲವೂ ಹಲಸೂರಿನ ಪಲ್ಲಕ್ಕಿ ಉತ್ಸವದ ಡೋಲಿನ ದನಿಯೂ ಆ ಪ್ರದೇಶದ ಪಂಚಾಂಗವನ್ನು ಕಿವಿಗೆ ಓದಿಹೇಳುತ್ತವೆ. 1927ರ ರಸೆಲ್ ಮಾರುಕಟ್ಟೆ ಬೀದಿಯ ಕೂಗನ್ನೆಲ್ಲ ಒಂದು ಸೂರಿನಡಿಗೆ ತರಲು ನಗರಾಡಳಿತ ಮಾಡಿದ ಪ್ರಯತ್ನ. ವ್ಯಾಪಾರ ಒಳಗೆ ಹೋಯಿತು. ಆದರೆ ಬೀದಿಯೂ ಬರಿದಾಗಲಿಲ್ಲ.

1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ಕಂಟೋನ್ಮೆಂಟ್ ನಿಲ್ದಾಣಕ್ಕೆ ರೈಲು ಬಂದಾಗ ಸೇರಿಕೊಂಡ ಶಬ್ದ ಇವೆಲ್ಲಕ್ಕಿಂತ ಭಿನ್ನ. ಹಳೆಯ ಪೇಟೆಯ ಕಡೆಯ ಸಿಟಿ ನಿಲ್ದಾಣ ತೆರೆದದ್ದು 1882ರಲ್ಲಿ. ಹದಿನೆಂಟು ವರ್ಷ ರೈಲಿನ ಸಿಳ್ಳೆ ದಂಡಿನ ಸೊತ್ತಾಗಿಯೇ ಇತ್ತೆನ್ನಬೇಕು. ಈ ಸಿಳ್ಳೆ ದೂರದ ಊರುಗಳನ್ನು ಹತ್ತಿರ ತಂದದ್ದಷ್ಟೇ ಅಲ್ಲ, ಹೊತ್ತನ್ನೂ ಬದಲಾಯಿಸಿತು. 1906ರ ಜನವರಿ 1ರಂದು ಭಾರತೀಯ ಪ್ರಮಾಣಕಾಲ ಜಾರಿಗೆ ಬರುವ ಮುನ್ನ ದೇಶದ ರೈಲುಗಳು ಮದ್ರಾಸ್ ಸಮಯವನ್ನು ಅನುಸರಿಸುತ್ತಿದ್ದವು. ಬೆಂಗಳೂರಿನ ನೆತ್ತಿಗೆ ಸೂರ್ಯ ಬರುವುದು ಮದ್ರಾಸಿಗಿಂತ ಸುಮಾರು ಹತ್ತು ನಿಮಿಷ ತಡವಾಗಿ. ಹೀಗಾಗಿ ದೇವಾಲಯದ ಮಧ್ಯಾಹ್ನ ಪೂಜೆಯ ಗಂಟೆಗೂ ನಿಲ್ದಾಣದಲ್ಲಿ ತೂಗುಹಾಕಿದ ಕಂಬಿಯ ತುಂಡನ್ನು ಬಡಿಯುವ ಗಂಟೆಗೂ ನಡುವೆ ಹತ್ತು ನಿಮಿಷಗಳ ಬಿರುಕು ಇದ್ದಿರಬೇಕು. ಒಂದು ದನಿ ಸೂರ್ಯನನ್ನು ನೋಡಿ ಹೊತ್ತು ಹೇಳಿದರೆ ಮತ್ತೊಂದು ಮದ್ರಾಸನ್ನು ನೋಡಿ ಹೇಳುತ್ತಿತ್ತು. ಕೊನೆಗೆ ಗೆದ್ದದ್ದು ಗಡಿಯಾರವೇ.

1898ರ ಪ್ಲೇಗಿನ ಅನಂತರ ದಂಡಿನ ಇಕ್ಕಟ್ಟಾದ ಬಜಾರುಗಳನ್ನು ಸಡಿಲಿಸಲು ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳು ರೂಪುಗೊಂಡವು. ಗಾಳಿ, ಬೆಳಕು, ಚರಂಡಿ ಇವು ಯೋಜಕರ ಮುಖ್ಯ ಕಾಳಜಿ. ಆದರೆ ಮನೆಮನೆಗಳ ನಡುವೆ ಬಿಟ್ಟ ಜಾಗ, ನೇರವಾದ ಅಗಲರಸ್ತೆ, ಸಾಲುಮರ ಇವು ಬಂಗಲೆಯ ಮೌನದ ಒಂದು ಅಗ್ಗದ ಆವೃತ್ತಿಯನ್ನು ಮಧ್ಯಮವರ್ಗಕ್ಕೂ ಒದಗಿಸಿದವು. ಬೆಂಗಳೂರಿಗೆ ‘ಶಾಂತವಾದ ಊರು’ ಎಂಬ ಹೆಸರು ಬಂದದ್ದರಲ್ಲಿ ಈ ಬಡಾವಣೆಗಳ ಪಾಲು ದೊಡ್ಡದು. 1881ರಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ದಂಡು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡುಗಳ ಎರಡು ಪುರಸಭೆಗಳು ಸೇರಿ ಒಂದು ನಗರಪಾಲಿಕೆಯಾಯಿತು. ಆಡಳಿತದ ಗಡಿ ಅಳಿಯಿತು. ಕಬ್ಬನ್ ಪಾರ್ಕಿನ ಈಚೆಗೆ ಒಂದು ಬಗೆಯ ಬೆಂಗಳೂರು, ಆಚೆಗೆ ಮತ್ತೊಂದು ಎಂಬ ಭಾವನೆ ಮಾತ್ರ ಬಹುಕಾಲ ಉಳಿಯಿತು. ಅದರಲ್ಲಿ ಕಿವಿಗೆ ಬೀಳುತ್ತಿದ್ದ ಭಾಷೆಯ ಪಾತ್ರ ಕಣ್ಣಿಗೆ ಕಾಣುತ್ತಿದ್ದ ಕಟ್ಟಡಗಳಿಗಿಂತ ಕಡಿಮೆಯೇನಲ್ಲ.

ತುತ್ತೂರಿಯ ನಂತರ ಪೂರ್ವಭಾಗದ ದಿನಚರಿಯನ್ನು ಕೈಗೆತ್ತಿಕೊಂಡದ್ದು ಕಾರ್ಖಾನೆಯ ಸೈರನ್. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಿಂದ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1948ರಲ್ಲಿ ಕೃಷ್ಣರಾಜಪುರದ ಬಳಿ, ಮುಂದೆ ದೂರವಾಣಿನಗರವೆಂದು ಹೆಸರಾದ ಸ್ಥಳದಲ್ಲಿ, ಭಾರತೀಯ ದೂರವಾಣಿ ಕಾರ್ಖಾನೆಯಾದ ಐಟಿಐ ಆರಂಭವಾಯಿತು. ಅನಂತರ ಬೈಯಪ್ಪನಹಳ್ಳಿಯ ಕಡೆ ಎನ್‌ಜಿಇಎಫ್ ಬಂತು. ಪಾಳಿ ಬದಲಾಗುವ ಹೊತ್ತಿಗೆ ಏಳುವ ಸೈರನ್ನಿಗೂ ತುತ್ತೂರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತುತ್ತೂರಿ ಸಿಪಾಯಿಗಳಿಗೆ ಮಾತ್ರ. ಸೈರನ್ ಕಾರ್ಖಾನೆಯ ಗೋಡೆ ದಾಟಿ ಇಡೀ ನೆರೆಹೊರೆಗೆ. ಗಡಿಯಾರವಿಲ್ಲದ ಮನೆಯ ಗೃಹಿಣಿ ಅದನ್ನು ಕೇಳಿ ಒಲೆ ಹೊತ್ತಿಸುತ್ತಿದ್ದಳು, ಮಕ್ಕಳು ಶಾಲೆಗೆ ಹೊರಡುತ್ತಿದ್ದರು. ಐಟಿಐ ವಿಷಯದಲ್ಲಿ ಇನ್ನೊಂದು ಸೊಗಸು. ದೇಶದ ಅಸಂಖ್ಯಾತ ಮನೆ, ಕಚೇರಿಗಳಲ್ಲಿ ದಶಕಗಳ ಕಾಲ ರಿಂಗಣಿಸಿದ ಕಪ್ಪು ಟೆಲಿಫೋನಿನ ಗಂಟೆ ತಯಾರಾದದ್ದು ಇಲ್ಲಿ. ಬೆಂಗಳೂರು ದೇಶಕ್ಕೆ ಕೊಟ್ಟ ಶಬ್ದಗಳಲ್ಲಿ ಬಹುಶಃ ಅದೇ ಅತ್ಯಂತ ದೂರಕ್ಕೆ ತಲುಪಿದ್ದು.

ಬಿನ್ನಮಂಗಲ, ತಿಪ್ಪಸಂದ್ರ, ದೊಮ್ಮಲೂರುಗಳ ಹೊಲಗದ್ದೆಗಳ ನಡುವೆ 1970ರ ದಶಕದಲ್ಲಿ ಬೆಳೆದ ಇಂದಿರಾನಗರಕ್ಕೆ ಫ್ರೇಜರ್ ಟೌನಿನ ಆದರ್ಶವೇ ಮೇಲ್ಪಂಕ್ತಿ: ನಿವೃತ್ತರಿಗೆ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ಸೈನ್ಯಾಧಿಕಾರಿಗಳಿಗೆ ತಕ್ಕ ಶಾಂತ ವಸತಿ. ಆ ಶಾಂತಿಯನ್ನು ಭೇದಿಸುತ್ತಿದ್ದುದು ಆಕಾಶ ಮಾತ್ರ. 1961ರ ಜೂನಿನಲ್ಲಿ ಮೊದಲು ಹಾರಿದ ‘ಮಾರುತ’ದಿಂದ ಹಿಡಿದು 2001ರ ಜನವರಿಯಲ್ಲಿ ಹಾರಿದ ‘ತೇಜಸ್’ವರೆಗೆ ಯುದ್ಧವಿಮಾನಗಳ ಪರೀಕ್ಷಾರ್ಥ ಹಾರಾಟವೂ, ನಾಗರಿಕ ವಿಮಾನಗಳ ಏರಿಳಿತವೂ ಪಕ್ಕದ ಎಚ್‌ಎಎಲ್ ನಿಲ್ದಾಣದಿಂದಲೇ. ತಲೆಯ ಮೇಲೆ ವಿಮಾನ ಹಾದುಹೋಗುವಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವ ಅಭ್ಯಾಸ ಆ ಭಾಗದ ಮೇಷ್ಟರುಗಳಿಗೆಲ್ಲ ಇತ್ತು. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆದು ನಾಗರಿಕ ವಿಮಾನಗಳು ಅತ್ತ ಹೋದಾಗ ಇಂದಿರಾನಗರದ ಆಕಾಶ ಬಹುಮಟ್ಟಿಗೆ ಮೌನವಾಯಿತು.

ಆದರೆ ಅದೇ ವರ್ಷಗಳಲ್ಲಿ ನೆಲ ಮಾತನಾಡತೊಡಗಿತ್ತು. 2007ರಲ್ಲಿ ಜಾರಿಗೆ ಬಂದ ನಗರದ ಪರಿಷ್ಕೃತ ಮಹಾಯೋಜನೆ ವಸತಿ ಮತ್ತು ವಾಣಿಜ್ಯಗಳ ಮಿಶ್ರಬಳಕೆಗೆ ದಾರಿಯನ್ನು ಅಗಲಗೊಳಿಸಿತು. ನೂರಡಿ ರಸ್ತೆಯ ಮನೆಗಳು ಅಂಗಡಿ, ಹೋಟೆಲು, ಪಬ್ಬುಗಳಾದವು. ಪೇಟೆಯಲ್ಲಿ ಕೆಲಸ ಮತ್ತು ವಾಸ ಒಂದಾಗಿದ್ದುದನ್ನು ಹಿಂದೆ ನೋಡಿದೆವು. ಇಂದಿರಾನಗರದಲ್ಲಿ ಮತ್ತೆ ಅದೇ ಆಗಿದೆ ಎಂದು ಯಾರಾದರೂ ಹೇಳಬಹುದು. ವ್ಯತ್ಯಾಸವಿರುವುದು ಇಲ್ಲಿ: ಗಾಣ ಅದರ ಪಕ್ಕದಲ್ಲಿ ಮಲಗುವವನದೇ ಆಗಿತ್ತು, ಸಂಜೆಗೆ ನಿಲ್ಲುತ್ತಿತ್ತು. ಪಬ್ಬಿನ ಧ್ವನಿವರ್ಧಕ ನೆರೆಯವನದಲ್ಲ, ಮತ್ತು ಅದು ಶುರುವಾಗುವುದೇ ಸಂಜೆಗೆ. ನಿವಾಸಿಗಳು ವರ್ಷಗಳಿಂದ ದೂರು, ಅರ್ಜಿ, ನ್ಯಾಯಾಲಯ ಎಂದು ಅಲೆಯುತ್ತಿರುವುದು ಈ ವ್ಯತ್ಯಾಸದ ಕಾರಣದಿಂದ.

ಈ ವ್ಯಾಜ್ಯಗಳಿಗೆ ಆಧಾರವಾಗಿರುವುದು ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿಯೆಂದರೆ ಹತ್ತರಿಂದ ಆರು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿಗೆ ಕಡಿಮೆಯಿಲ್ಲದ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಈ ಕೋಷ್ಟಕ ಅವಶ್ಯವಾದುದು. ಆದರೆ ಅದು ನಗರವನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ಅಚ್ಚುಕಟ್ಟಾಗಿ ಹಂಚಿಕೊಳ್ಳಬಹುದೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ದಂಡಿನದು, ಪೇಟೆಯದಲ್ಲ. ಬೌರಿಂಗ್ ಆಸ್ಪತ್ರೆಯ ಆಸುಪಾಸಿನಲ್ಲಿಯೇ ಶಿವಾಜಿನಗರದ ಬಸ್ ನಿಲ್ದಾಣ, ಕಂಡಕ್ಟರುಗಳ ‘ರೈಟ್’, ‘ಹೋಲ್ಡಾನ್’, ಮಾರುಕಟ್ಟೆಯ ಕೂಗು, ಗುಜರಿಯಲ್ಲಿ ಹಳೆಯ ವಾಹನಗಳ ಬಿಡಿಭಾಗ ಬಡಿಯುವ ಸುತ್ತಿಗೆ ಎಲ್ಲವೂ ಇವೆ. ಯಾವ ಬಣ್ಣವನ್ನು ಅಲ್ಲಿನ ನಕ್ಷೆಗೆ ಬಳಿಯಬೇಕು?

ಹಲಸೂರಿನಿಂದ ಹಳೆಯ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರದತ್ತ ಹೊರಟರೆ ಸಮಸ್ಯೆಯ ಇನ್ನೊಂದು ಮುಖ ತಿಳಿಯುತ್ತದೆ. ರೈಲುಹಳಿಯ ಮೇಲೆ 2003ರಲ್ಲಿ ತೂಗುಸೇತುವೆ ಬಂತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಓಡಿತು, 2023ರಲ್ಲಿ ಅದು ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡ್ ಮುಟ್ಟಿತು. ಬಿಂದುವಿನ ಶಬ್ದ ಇಮ್ಮಡಿ ದೂರಕ್ಕೆ 6 ಡೆಸಿಬಲ್ ಇಳಿಯುತ್ತದೆಂದು ಹೇಳಿದೆ. ಎಡೆಬಿಡದೆ ವಾಹನ ಹರಿಯುವ ರಸ್ತೆ ಬಿಂದುವಲ್ಲ, ರೇಖೆ. ಅದರ ಶಬ್ದ ಇಳಿಯುವುದು 3 ಡೆಸಿಬಲ್ ಮಾತ್ರ. ಇಕ್ಕೆಲಗಳ ಗಾಜಿನ ಕಟ್ಟಡಗಳೂ ಮೇಲಿನ ಕಾಂಕ್ರೀಟ್ ಹಾಸೂ ಅದನ್ನು ಹಿಂದಕ್ಕೆಸೆದರೆ ಅಷ್ಟೂ ಇಳಿಯದು. ಟಿನ್ ಫ್ಯಾಕ್ಟರಿಯ ಬಳಿ ಬಸ್ಸಿಗೆ ಕಾಯುವವನ ಕಿವಿಯಲ್ಲಿ ಯಾವ ಒಂದು ಶಬ್ದವೂ ಬೇರೆಯಾಗಿ ನಿಲ್ಲುವುದಿಲ್ಲ. ಸಂಕೇತಶಬ್ದಗಳೆಲ್ಲ ಆಧಾರಶ್ರುತಿಯಲ್ಲಿ ಮುಳುಗಿಹೋಗಿವೆ. ಹಾರ್ನ್ ಇಷ್ಟು ಕರ್ಕಶವಾದದ್ದು ಚಾಲಕನ ಒರಟುತನದಿಂದ ಮಾತ್ರವಲ್ಲ; ಕೇಳಿಸಬೇಕಾದರೆ ಹಾಗೆ ಕಿರಿಚುವುದೊಂದೇ ದಾರಿಯಾಗಿದೆ.

ಶಬ್ದವು ಆಕಾಶದ ಗುಣವೆಂದು ವೈಶೇಷಿಕರೂ, ಅಲ್ಲ, ಅದು ಪುದ್ಗಲದ ಪರ್ಯಾಯ, ಅಂದರೆ ದ್ರವ್ಯದ್ದೇ ಒಂದು ರೂಪವೆಂದು ಜೈನ ದಾರ್ಶನಿಕರೂ ವಾದಿಸಿದ್ದುಂಟು. ತತ್ತ್ವದ ತೀರ್ಮಾನ ಏನೇ ಇರಲಿ, ನಗರವನ್ನು ಕಟ್ಟುವವರು ಎರಡನೆಯ ಪಕ್ಷವನ್ನು ಹಿಡಿಯುವುದು ಕ್ಷೇಮ. ಶಬ್ದ ಜಾಗ ಹಿಡಿಯುತ್ತದೆ, ಗೋಡೆಗೆ ತಗಲುತ್ತದೆ, ಮತ್ತೊಂದು ಶಬ್ದವನ್ನು ಮುಚ್ಚುತ್ತದೆ. ಒಳಚರಂಡಿಗೆ ನಕ್ಷೆ ಬರೆಯುವಂತೆ ಶಬ್ದಕ್ಕೂ ನಕ್ಷೆ ಬರೆಯಬೇಕಾದ ಕಾರಣ ಇದು.

ಆ ನಕ್ಷೆಯಲ್ಲಿ ಡೆಸಿಬಲ್‌ನ ಅಂಕಿಯ ಜೊತೆಗೆ ಎರಡು ಪ್ರಶ್ನೆಗಳಿರಬೇಕು: ಈ ಶಬ್ದ ಯಾರದು, ಇದು ಅಡಗಿದರೆ ಯಾರಿಗೆ ನಷ್ಟ? ಬೆಳಿಗ್ಗೆ ‘ಸೊಪ್ಪೋ ಸೊಪ್ಪು’ ಎಂದು ಕೂಗುವ ಹೆಂಗಸಿಗೆ ಆ ಕೂಗೇ ಅಂಗಡಿ, ಅದೇ ಫಲಕ. ವಸತಿ ಸಮುಚ್ಚಯದ ಗೇಟು ಅವಳನ್ನು ಹೊರಗೆ ನಿಲ್ಲಿಸಿದಾಗ, ರಸ್ತೆಯ ಮೊರೆತ ಅವಳ ದನಿಯನ್ನು ಮುಚ್ಚಿದಾಗ, ಆಕೆ ಕಳೆದುಕೊಳ್ಳುವುದು ದಿನದ ಸಂಪಾದನೆಯನ್ನು. ಬೀದಿವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ 2014ರ ಕಾಯಿದೆ ಜಾಗವನ್ನು ಕುರಿತು ಮಾತನಾಡುತ್ತದೆ. ಕೂಗಿ ಮಾರುವವರಿಗೆ ಕೇಳಿಸುವಷ್ಟು ಶಾಂತಿಯೂ ಜಾಗದ ಒಂದು ಭಾಗವೇ. ಹಾಗೆಯೇ ರೋಗಿಗೆ, ಹಸುಗೂಸಿಗೆ, ಪಾಳಿ ಮುಗಿಸಿ ಹಗಲು ಮಲಗುವ ಕಾವಲುಗಾರನಿಗೆ ಮೌನ ಒಂದು ವೈಭೋಗವಲ್ಲ.

ಆದ್ದರಿಂದ ಹಳೆಯ ಬೆಂಗಳೂರಿನ ಶಾಂತಿಯನ್ನು ನೆನೆದು ನಿಟ್ಟುಸಿರಿಡುವವರಿಗೆ ಒಂದು ಮಾತು ಹೇಳಬೇಕು. ಆ ಶಾಂತಿ ಎಲ್ಲರಿಗೂ ಸಿಕ್ಕಿದ್ದಲ್ಲ. ಬಂಗಲೆಯ ನಿಶ್ಶಬ್ದಕ್ಕಾಗಿ ಬ್ಲ್ಯಾಕ್‌ಪಲ್ಲಿ ಗದ್ದಲವನ್ನು ಹೊತ್ತುಕೊಂಡಿತ್ತು. ಇಂದು ಗಾಜಿನ ಕಿಟಕಿ, ಹವಾನಿಯಂತ್ರಣ, ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನುಗಳಿಂದ ಉಳ್ಳವರು ಮತ್ತೆ ಅದೇ ಬಂಗಲೆಯನ್ನು ತಮ್ಮ ಸುತ್ತ ಕಟ್ಟಿಕೊಳ್ಳುತ್ತಿದ್ದಾರೆ. ಹೊರಗಿನ ಶಬ್ದ ಹೊರಗಿರುವವರ ಪಾಲಿಗೆ. ಬಡಾವಣೆಗೆ ಕಡ್ಡಾಯವಾಗಿ ಉದ್ಯಾನದ ಜಾಗ ಬಿಡಿಸುವಂತೆ ಮೇಲ್ಸೇತುವೆಗೆ ಶಬ್ದತಡೆಯನ್ನೂ, ಆಸ್ಪತ್ರೆಯ ಬೀದಿಗೆ ಮರಸಾಲನ್ನೂ, ಬಸ್ ತಂಗುದಾಣಕ್ಕೆ ಮಾತು ಕೇಳಿಸುವಂತಹ ಗೋಡೆಯನ್ನೂ ವಿಧಿಸುವುದು ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟದ ಕೆಲಸವಲ್ಲ. ಅದಕ್ಕೆ ಮೊದಲು ಶಿವಾಜಿನಗರದ ಹೂವಾಡಗಿತ್ತಿಯ ಕಿವಿಯನ್ನೂ ಇಂದಿರಾನಗರದ ನಿವೃತ್ತ ಅಧಿಕಾರಿಯ ಕಿವಿಯನ್ನೂ ಒಂದೇ ಬೆಲೆಯವೆಂದು ಯೋಜಕರು ಒಪ್ಪಬೇಕು. ಪಂಚಮಹಾಶಬ್ದದ ಕಾಲದಲ್ಲಿ ಆ ಮಾತನ್ನು ಕೇಳುವವರಿರಲಿಲ್ಲ. ಪುರಸಭೆಗೆ ತೆರಿಗೆ ಕಟ್ಟುವ, ಮತ ಹಾಕುವ ಜನರ ಕಾಲದಲ್ಲಾದರೂ ಅದು ಕೇಳಿಸಬೇಕು.